ಬೀಜದ ಚೀಲದ ಮೇಲಿನ ಹೆಸರು: ಕಾನೂನು ಅಧ್ಯಾಪಕರಿಗೆ ಬುಕ್ಕಾಂಬುಧಿಯಿಂದ ಒಂದು ಬಹಿರಂಗ ಪತ್ರ

ಪೇಟೆಂಟ್ ಮತ್ತು ಬೌದ್ಧಿಕ ಸ್ವಾಮ್ಯದ ಕಾನೂನನ್ನು ಪಾಠ ಹೇಳುವ, ತೀರ್ಪುಗಳನ್ನು ವಿಮರ್ಶಿಸುವ, ಅದರ ಮೇಲೆ ಪ್ರಬಂಧ ಬರೆಯುವ ಕರ್ನಾಟಕದ ಎಲ್ಲ ಅಧ್ಯಾಪಕರಿಗೆ ಮತ್ತು ಸಂಶೋಧನಾ ವಿದ್ಯಾರ್ಥಿಗಳಿಗೆ,



ಬುಕ್ಕಾಂಬುಧಿ ಈಗ ಅಜ್ಜಂಪುರ ತಾಲ್ಲೂಕಿನಲ್ಲಿದೆ, ಮೊದಲು ತರೀಕೆರೆಗೆ ಸೇರಿತ್ತು. ಊರಿನ ಹೆಸರಿನಲ್ಲೇ ಅಂಬುಧಿ ಇದೆ. ಕೆರೆಯನ್ನು ಸಮುದ್ರವೆಂದು ಕರೆಯುವುದು ನೀರಿನ ಬೆಲೆ ಬಲ್ಲ ಬಯಲುಸೀಮೆಯ ಹಳೆಯ ರೂಢಿ. ಈ ಸೀಮೆಯ ಹೊಲಗಳಲ್ಲಿ ರಾಗಿ, ಈರುಳ್ಳಿ. ನೀರಿದ್ದ ಕಡೆ ತೆಂಗು, ಅಡಿಕೆ. ಇಂಥ ಊರಿನ ಮನೆಯೊಂದರ ಅಟ್ಟದ ಮೇಲಿರುವ ಒಂದು ಚೀಲದಿಂದ ಈ ಪತ್ರ ಶುರುವಾಗುತ್ತದೆ.

ಐದು ಕೆಜಿಯ ಬಿತ್ತನೆ ರಾಗಿಯ ಚೀಲ. ಎರಡು ವರ್ಷದ ಹಿಂದೆ ದುಡ್ಡು ಕೊಟ್ಟು ತಂದದ್ದು. ಹೊರಮೈಯಲ್ಲಿ ತಳಿಯ ಹೆಸರು, ಲಾಟ್ ನಂಬರ್, ಮೊಳಕೆಯ ಪ್ರಮಾಣ ಶೇಕಡಾ ಎಷ್ಟು, ಪರೀಕ್ಷೆ ಮಾಡಿದ ತಾರೀಖು, ಎಂದಿನವರೆಗೆ ಬಿತ್ತಬಹುದು ಎಂಬ ಇನ್ನೊಂದು ತಾರೀಖು, ಔಷಧಿ ಹಚ್ಚಿದ ಬೀಜ ತಿನ್ನಬಾರದು ಎಂಬ ಎಚ್ಚರಿಕೆ. ಒಳಗಿದ್ದ ಬೀಜ ಅಂದೇ ಹೊಲ ಸೇರಿತು. ಚೀಲ ಗಟ್ಟಿಯಾಗಿತ್ತು, ಎಸೆಯಲು ಮನಸ್ಸಾಗಲಿಲ್ಲ. ಈಗ ಅದರೊಳಗಿರುವುದು ಅದೇ ಹೊಲದಲ್ಲಿ ಬೆಳೆದು, ಒಳ್ಳೆಯ ತೆನೆ ನೋಡಿ ಆರಿಸಿ, ಕಣದಲ್ಲಿ ಬೇರೆಯಾಗಿ ಬಡಿದು, ಬೇವಿನ ಸೊಪ್ಪು ಹಾಕಿ ಎತ್ತಿಟ್ಟ ಮನೆಯ ಬೀಜ. ಮುಂಗಾರು ಹನಿಯುವ ಹೊತ್ತಿಗೆ ಪಕ್ಕದ ಹೊಲದವರು ಬಂದು, 'ಅಣ್ಣಾ, ಎರಡು ಸೇರು ಬೀಜ ಇದ್ರೆ ಕೊಡಪ್ಪ' ಎನ್ನುತ್ತಾರೆ. ಮನೆಯವರು ಚೀಲ ಸಮೇತ ಕೊಡುತ್ತಾರೆ. ಅವರು ದುಡ್ಡು ಕೊಡಬಹುದು, ಇಲ್ಲವೇ ಸುಗ್ಗಿಯಲ್ಲಿ ವಾಪಸ್ ಅಳೆದುಕೊಡುವ ಮಾತು ಕೊಡಬಹುದು. ಕರ್ನಾಟಕದ ಯಾವ ಹಳ್ಳಿಯಲ್ಲೂ ಇದು ವಿಶೇಷವಲ್ಲ.

ಈ ಸಾಮಾನ್ಯ ವ್ಯವಹಾರದೊಳಗೆ ನಿಮ್ಮ ಶಾಸ್ತ್ರದ ಅತ್ಯಂತ ಕಠಿಣ ಪ್ರಶ್ನೆಗಳಲ್ಲೊಂದು ಅಡಗಿದೆ.

ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲಿ ಬಂತು. ಹೊಸ ತಳಿ ಮಾಡಿದವರು ಅದನ್ನು ನೋಂದಾಯಿಸಿದರೆ ಸಾಮಾನ್ಯ ಬೆಳೆಗಳಿಗೆ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ ಅವರಿಗೆ ಅದರ ಮೇಲೆ ಹಕ್ಕಿರುತ್ತದೆ. ಅದೇ ಕಾಯ್ದೆಯ 39ನೇ ಸೆಕ್ಷನ್ ರೈತರ ಕಡೆ ತಿರುಗಿ, ಕಾಯ್ದೆಯಲ್ಲಿ ಬೇರೆ ಏನೇ ಹೇಳಿದ್ದರೂ ರೈತ ತನ್ನ ಬೆಳೆಯನ್ನು, ಅದರ ಬೀಜವನ್ನೂ ಸೇರಿಸಿ, ಉಳಿಸಿಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಬಹುದು ಎನ್ನುತ್ತದೆ. ಕಾಯ್ದೆ ಬರುವ ಮೊದಲು ಹೇಗೆ ಮಾಡುತ್ತಿದ್ದನೋ ಹಾಗೆಯೇ. ಒಂದೇ ಕಟ್ಟು: ಬ್ರಾಂಡ್ ಹಾಕಿದ ಬೀಜವನ್ನು ಮಾರುವಂತಿಲ್ಲ. ಬ್ರಾಂಡ್ ಎಂದರೇನು ಎಂಬುದಕ್ಕೂ ಅಲ್ಲೇ ವಿವರಣೆಯಿದೆ. ಪೊಟ್ಟಣದಲ್ಲೋ ಬೇರೆ ಯಾವುದರಲ್ಲೋ ತುಂಬಿ, ಒಳಗಿರುವುದು ಸಂರಕ್ಷಿತ ತಳಿಯ ಬೀಜವೆಂದು ತಿಳಿಯುವಂತೆ ಲೇಬಲ್ ಹಾಕಿದ್ದು.

ಹಾಗಾದರೆ ಆ ಹಳೆಯ ಚೀಲ? ತಳಿಯ ಹೆಸರು ಅದರ ಮೇಲಿದೆ. ಅಚ್ಚು ಹಾಕಿಸಿದ್ದು ರೈತನಲ್ಲ. ಒಳಗಿರುವ ಬೀಜ ಮಾತ್ರ ಅವನದು. ಎರಡು ಸೇರಿಗೆ ದುಡ್ಡು ತೆಗೆದುಕೊಂಡ ಕೂಡಲೇ ಅವನು ಬ್ರಾಂಡ್ ಬೀಜ ಮಾರಿದಂತಾಯಿತೇ? ಚೀಲ ಬೇಡವೆಂದು ಗೋಣಿಗೆ ಹಾಕಿ, ಬೇರೆ ರಾಗಿಯ ಜೊತೆ ಬೆರೆಯದಿರಲೆಂದು ತಳಿಯ ಹೆಸರನ್ನು ಇದ್ದಿಲಿನಲ್ಲಿ ಬರೆದಿಟ್ಟರೆ ಅದು ಲೇಬಲ್ಲೇ, ಗುರುತೇ? ಬುಕ್ಕಾಂಬುಧಿಯ ರೈತನಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ, ಪ್ರತಿ ಮುಂಗಾರಿನ ವ್ಯವಹಾರ. ಇದಕ್ಕೆ ಕನ್ನಡದಲ್ಲಿ, ಅವನು ಓದಿ ನೆಚ್ಚಿಕೊಳ್ಳಬಹುದಾದ ಉತ್ತರ ಬೇಕು.

ಇಷ್ಟು ಸಣ್ಣ ವಿಷಯಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ ಎಂದು 2019ಕ್ಕೆ ಮೊದಲು ಹೇಳಬಹುದಿತ್ತು. ಆ ವರ್ಷ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ದಾವೆ ಹೂಡಿತು. ಚಿಪ್ಸ್‌ಗೆ ಬಳಸುವ ಎಫ್‌ಎಲ್ 2027 ಎಂಬ ತಳಿ 2016ರಲ್ಲಿ ಅದರ ಹೆಸರಿಗೆ ನೋಂದಣಿಯಾಗಿತ್ತು. ಅದನ್ನು ಅನುಮತಿಯಿಲ್ಲದೆ ಬೆಳೆದರು ಎಂಬುದು ಆರೋಪ. ನಾಲ್ವರು ರೈತರಲ್ಲಿ ಒಬ್ಬೊಬ್ಬರಿಂದ ಕೇಳಿದ ಪರಿಹಾರ ಒಂದು ಕೋಟಿ ಐದು ಲಕ್ಷ ರೂಪಾಯಿ. ಕೆಲವೇ ಎಕರೆಯ ಒಕ್ಕಲು ಮಕ್ಕಳಿಗೆ ಆ ಮೊತ್ತ ಏನೆನ್ನಿಸಿರಬೇಕು! ದೇಶದಾದ್ಯಂತ ಆಕ್ಷೇಪ ಎದ್ದಿತು. ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂತೆಗೆದುಕೊಂಡಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರೈತ ಹಕ್ಕುಗಳ ಕಾರ್ಯಕರ್ತೆ ಕವಿತಾ ಕುರುಗಂಟಿ ಆ ನೋಂದಣಿಯನ್ನೇ ರದ್ದುಮಾಡಬೇಕೆಂದು 2001ರ ಕಾಯ್ದೆಯಡಿಯ ಸಸ್ಯ ತಳಿ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರು. 2021ರ ಡಿಸೆಂಬರ್ 3ರಂದು ಪ್ರಾಧಿಕಾರ ರದ್ದುಮಾಡಿತು. 2023ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. 2024ರ ಜನವರಿ 9ರಂದು ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿ, ನೋಂದಣಿಗೆ ಮತ್ತೆ ಜೀವ ಕೊಟ್ಟಿತು. ಮೊದಲ ಮಾರಾಟದ ತಾರೀಖು ಸರಿಯಿತ್ತೇ, ಹೊಸ ತಳಿ ಎಂದು ಅರ್ಜಿಯಲ್ಲಿ ಬರೆದದ್ದು ತಪ್ಪೇ, ಕಾಗದಪತ್ರ ಪೂರ್ತಿಯಿತ್ತೇ ಎಂಬುದರ ಸುತ್ತ ಎರಡೂ ಪೀಠಗಳ ವಾದ ಬೆಳೆಯಿತು. ಆದರೆ ಆ ಬೆಳೆಗಾರರು ಮಾಡಿದ್ದಕ್ಕೆ 39ನೇ ಸೆಕ್ಷನ್ನಿನ ರಕ್ಷಣೆ ಇತ್ತೇ? ದಾವೆಗಳೇ ವಾಪಸಾದ ಮೇಲೆ ಆ ಪ್ರಶ್ನೆಗೆ ತೀರ್ಪಿನ ಉತ್ತರ ಸಿಗದೆ ಉಳಿಯಿತು.

ತೀರ್ಪು ಇಲ್ಲದ ಕಡೆ ಬೇಕಾಗುವುದು ವಿದ್ವಾಂಸರ ವ್ಯಾಖ್ಯಾನ. ರೈತರದು ಸ್ವತಂತ್ರ ಹಕ್ಕೋ, ತಳಿಗಾರರ ಹಕ್ಕಿಗೆ ಕೊಟ್ಟ ಒಂದು ವಿನಾಯಿತಿಯೋ ಎಂಬ ಚರ್ಚೆ ನಿಮ್ಮ ನಡುವೆ ನಡೆದೇ ಇದೆ. ವಿನಾಯಿತಿ ಎಂದರೆ ಕೋರ್ಟು ಅದನ್ನು ಬಿಗಿಯಾಗಿ, ಹಕ್ಕು ಎಂದರೆ ಧಾರಾಳವಾಗಿ ಓದುತ್ತದೆ. ಎರಡು ಸೇರು ರಾಗಿಯ ಹಣೆಬರಹ ಆ ಒಂದು ಪದದ ಮೇಲೆ ನಿಂತಿದೆ. ಆ ಚರ್ಚೆಯ ಹೆಚ್ಚಿನ ಪಾಲು ನಡೆಯುತ್ತಿರುವುದು ಇಂಗ್ಲಿಷಿನಲ್ಲಿ, ಹೊಲದಿಂದ ಬಹಳ ದೂರದಲ್ಲಿ. ಈ ಪತ್ರದ ದೂರು ಅದೇ.

ಬೇರೆ ದೇಶದ ರೈತನಿಗೆ ಏನಾಯಿತೆಂದು ನಿಮಗೆ ಗೊತ್ತಿದೆ, ಇಲ್ಲಿಯವರಿಗೆ ಗೊತ್ತಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ವರ್ನನ್ ಬೌಮನ್ ಎಂಬ ವಯಸ್ಸಾದ ರೈತ ಧಾನ್ಯದ ಗೋದಾಮಿನಿಂದ ಸೋಯಾ ಕಾಳು ಕೊಂಡು ಬಿತ್ತಿದ. ಅದರಲ್ಲಿ ಮೊನ್ಸಾಂಟೋ ಕಂಪನಿಯ ಪೇಟೆಂಟಿನ ಗುಣವಿತ್ತು. ಕಾಳು ಕೊಂಡ ಮೇಲೆ ಅದು ತನ್ನದು, ಅದರ ಮೇಲೆ ಕಂಪನಿಯ ಹಕ್ಕು ತೀರಿತು ಎಂಬುದು ಅವನ ವಾದ. 2013ರ ಮೇ 13ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಒಪ್ಪಲಿಲ್ಲ. ಕೊಂಡ ಕಾಳನ್ನು ತಿನ್ನಬಹುದು, ಮಾರಬಹುದು. ಬಿತ್ತಿ ಹೊಸ ಕಾಳು ಮಾಡಿದರೆ ಅದು ಪೇಟೆಂಟ್ ವಸ್ತುವಿನ ನಕಲು. 84 ಸಾವಿರಕ್ಕೂ ಹೆಚ್ಚು ಡಾಲರ್ ಪರಿಹಾರದ ಹೊರೆ ಅವನ ತಲೆಯ ಮೇಲೇ ಉಳಿಯಿತು.

ಇದನ್ನು ಅಜ್ಜಂಪುರದವರಿಗೆ ವಿವರಿಸಲು ದೂರ ಹೋಗಬೇಕಾಗಿಲ್ಲ. ಊರಿನಲ್ಲೇ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆದ ರಾಸುಗಳವು. ಅಲ್ಲಿನ ಹೋರಿಕರುಗಳ ಹರಾಜಿಗೆ ದೂರದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ. ಹಲ್ಲು, ಸುಳಿ, ಕೊಂಬು, ಗೊರಸು ನೋಡಿ, ಕೂಗಿನಲ್ಲಿ ಗೆದ್ದು, ಹಗ್ಗ ಹಿಡಿದು ಕರೆದೊಯ್ಯುತ್ತಾರೆ. ಆ ಹೋರಿಗೆ ನಾಳೆ ಹುಟ್ಟುವ ಕರುವಿನ ಮೇಲೆ ಕೇಂದ್ರಕ್ಕೆ ಹಕ್ಕಿದೆ ಎಂದು ಯಾರಾದರೂ ಹೇಳಿದರೆ ಹರಾಜಿಗೆ ಬಂದವರು ಒಪ್ಪುವರೇ? ಬೌಮನ್ ಹೇಳಿದ್ದೂ ಅದನ್ನೇ. ಅವನ ದೇಶದ ಕೋರ್ಟು ಕರುವೂ ನಮ್ಮದೇ ಎಂದ ಕಡೆಗೆ ನಿಂತಿತು. ನಮ್ಮ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಸಸ್ಯ, ಪ್ರಾಣಿ, ಬೀಜ, ತಳಿ ಯಾವುದಕ್ಕೂ ಪೇಟೆಂಟ್ ಕೊಡಬಾರದು ಎಂದು ಬಾಗಿಲು ಹಾಕಿದೆ. ಹತ್ತಿಯೊಳಗಿನ ಬಿಟಿ ಜೀನು ಆ ಬಾಗಿಲ ಒಳಗೋ ಹೊರಗೋ ಎಂದು ಮೊನ್ಸಾಂಟೋ ಮತ್ತು ನುಜಿವೀಡು ಕಂಪನಿಗಳು ವರ್ಷಗಟ್ಟಲೆ ಹೋರಾಡಿದವು. 2018ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಪೇಟೆಂಟ್ ಸಲ್ಲದು ಎಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿ, ವಿಚಾರಣೆ ಪೂರ್ತಿ ನಡೆಯಲಿ ಎಂದು ಕಳಿಸಿತು. 2021ರಲ್ಲಿ ಎರಡೂ ಕಡೆಯವರು ರಾಜಿಯಾದರು. ಹತ್ತಿ ಬಿತ್ತುವವರಿಗೆ ಇಲ್ಲೂ ಉತ್ತರ ಸಿಗಲಿಲ್ಲ.

ಕನ್ನಡದಲ್ಲಿ ಈ ಚರ್ಚೆ ಸಾಧ್ಯವೇ ಎಂದು ಸಂದೇಹ ಪಡುವವರು ಮೂವತ್ತು ವರ್ಷ ಹಿಂದಕ್ಕೆ ನೋಡಬೇಕು. ಗ್ಯಾಟ್ ಒಪ್ಪಂದದ ಡಂಕೆಲ್ ಕರಡು ಬಂದ ಕಾಲವದು. ಹೋಟೆಲಿನ ಬೆಂಚಿನ ಮೇಲೆ, ಅರಳಿಕಟ್ಟೆಯಲ್ಲಿ 'ಡಂಕೆಲ್ಲು' ಎಂಬುದು ದಿನಬಳಕೆಯ ಮಾತಾಗಿತ್ತು. ಅದನ್ನು ಅಲ್ಲಿಗೆ ತಂದವರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಅವರು ಕಾನೂನಿನ ಅಧ್ಯಾಪಕರು, ನಿಮ್ಮ ವೃತ್ತಿಯವರು. ಹಸಿರು ಶಾಲು ಹೊದ್ದು ಹಳ್ಳಿಹಳ್ಳಿಗೆ ಹೋಗಿ, ಪೇಟೆಂಟ್ ಎಂದರೇನು, ಬೀಜಕ್ಕೆ ಅದು ಬಂದರೆ ಏನಾಗುತ್ತದೆ ಎಂದು ಆಡುಮಾತಿನಲ್ಲಿ ಪಾಠ ಹೇಳಿದರು. 1992ರ ಡಿಸೆಂಬರ್ 29ರಂದು ಅವರ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ತಂದು ಸುಟ್ಟರು. 1993ರ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ರೈತರ ಮಹಾ ಸಮಾವೇಶ ನಡೆಯಿತು. 1998ರಲ್ಲಿ ರಾಯಚೂರು ಜಿಲ್ಲೆಯ ಬಿಟಿ ಹತ್ತಿಯ ಪ್ರಯೋಗದ ಹೊಲಕ್ಕೆ ಬೆಂಕಿ ಬಿತ್ತು. ಕಚೇರಿಯ ಕಾಗದ ಸುಡುವುದನ್ನು, ಬೆಳೆ ಸುಡುವುದನ್ನು ಈ ಪತ್ರ ಸಮರ್ಥಿಸುವುದಿಲ್ಲ. ಬೆಂಕಿ ಹಚ್ಚಿದ್ದರಲ್ಲಿ ವಾದವಿಲ್ಲ. ವಾದವಿದ್ದದ್ದು ಆ ಮುನ್ನ ಊರೂರಲ್ಲಿ ನಡೆದ ಪಾಠದಲ್ಲಿ. 2001ರ ಕಾಯ್ದೆಯ ಹೆಸರಿನಲ್ಲೇ ರೈತರ ಹಕ್ಕು ಸೇರಿದ್ದರ ಹಿಂದೆ ಅಂಥ ಚಳವಳಿಗಳ ಒತ್ತಡ ಇತ್ತೆಂಬುದನ್ನು ನಿಮ್ಮಲ್ಲಿ ಯಾರೂ ಅಲ್ಲಗಳೆಯಲಾರರು. ಕಾಯ್ದೆ ಬಂದಿತು, ಪಾಠ ನಿಂತಿತು. 2004ರಲ್ಲಿ ಪ್ರೊಫೆಸರ್ ತೀರಿಕೊಂಡರು. ಆ ಮೇಷ್ಟರ ಜಾಗ ಖಾಲಿಯೇ ಇದೆ.

ತಳಿ ಮಾಡುವವರ ಪಕ್ಷವನ್ನೂ ಅಷ್ಟೇ ನ್ಯಾಯವಾಗಿ ಹೇಳಬೇಕು. ಒಂದು ತಳಿ ಮಾಡಲು ಹತ್ತಾರು ವರ್ಷದ ದುಡಿಮೆ ಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಇಲ್ಲಿಯ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಂಡಿಯಾದ ಇಂಡ್, ಆಫ್ರಿಕದ ಆಫ್. ರಾಗಿಯ ಹೂವು ಬಹಳ ಸಣ್ಣದು, ತನ್ನೊಳಗೇ ಪರಾಗ ಸೇರಿಸಿಕೊಂಡು ಬಿಡುತ್ತದೆ. ಅದರಲ್ಲಿ ಅಡ್ಡತಳಿ ಮಾಡುವುದು ಕಣ್ಣಿಗೂ ಕೈಗೂ ತಪಸ್ಸು. ಆ ಬೀಜ ದಕ್ಷಿಣ ಕರ್ನಾಟಕದ ಹೊಲಗಳನ್ನು ತುಂಬಿತು, ಕೈಯಿಂದ ಕೈಗೆ ಹರಿಯಿತು. ಅದಕ್ಕೆ ಯಾವ ರೈತನೂ ರಾಯಧನ ಕಟ್ಟಲಿಲ್ಲ, ಯಾರೂ ಕೇಳಲೂ ಇಲ್ಲ. ಅಂದಿನ ಸರ್ಕಾರ ಸಂಬಳ ಕೊಟ್ಟು ಆ ಕೆಲಸ ಮಾಡಿಸಿತು. ಇಂದು ಖಾಸಗಿ ಹಣ ಹಾಕುವವರಿಗೆ ಫಲ ಬೇಡವೇ ಎಂದರೆ, ಬೇಕು. ರಾಗಿಗೆ ಹೊಂದಿದ ಏರ್ಪಾಡು ಹೈಬ್ರಿಡ್ ಜೋಳಕ್ಕೆ ಹೊಂದದೆ ಇರಬಹುದು. ಎಷ್ಟು ಫಲ, ಎಷ್ಟು ವರ್ಷ, ಯಾರ ಕೈಯಿಂದ ಎಂಬುದೇ ವಾದದ ತಿರುಳು.

ಬೌದ್ಧಿಕ ಸ್ವಾಮ್ಯವೆಂದರೆ ರೈತನಿಗೆ ಬರೀ ಭಯ ಎಂದು ಹೇಳುವುದೂ ಅರ್ಧ ಸತ್ಯ. ತುಮಕೂರು ಜಿಲ್ಲೆಯ ಚೇಳೂರಿನ ಎಸ್.ಎಸ್. ಪರಮೇಶ್ ಅವರ ತೋಟದಲ್ಲಿ ತಾಮ್ರದ ಬಣ್ಣದ ತೊಳೆಯ ಒಂದು ಹಲಸಿನ ಮರವಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಗುಣ ಗುರುತಿಸಿತು. ಮರಕ್ಕೆ ಅವರ ತಂದೆಯ ನೆನಪಿನಲ್ಲಿ 'ಸಿದ್ದು' ಎಂದು ಹೆಸರಾಯಿತು. ಸಂಸ್ಥೆ ತಾನೇ ಯಜಮಾನನಾಗದೆ, ಕಸಿ ಗಿಡ ಮಾಡಿ ಮಾರುವುದರಿಂದ ಬರುವ ಆದಾಯದ ಮುಕ್ಕಾಲು ಪಾಲು ಮರದ ಒಡೆಯರಿಗೇ ಸೇರುವಂತೆ ಒಪ್ಪಂದ ಮಾಡಿಕೊಂಡಿತು. ಬುಕ್ಕಾಂಬುಧಿಯ ಸುತ್ತ ಯಾರ ಹಿತ್ತಲಲ್ಲಿ ಅಂಥ ಹಲಸು, ಅಂಥ ಹುಣಸೆ, ಅಂಥ ತೆಂಗು ನಿಂತಿದೆಯೋ! ರೈತ ತಾನು ಕಾಪಾಡಿದ ತಳಿಯನ್ನು ಅದೇ 2001ರ ಕಾಯ್ದೆಯಡಿ ತನ್ನ ಹೆಸರಿಗೆ ನೋಂದಾಯಿಸಬಹುದು. ಪ್ರಾಧಿಕಾರದ ಶಾಖಾ ಕಚೇರಿ ದೆಹಲಿಯಷ್ಟು ದೂರವೂ ಇಲ್ಲ, ಶಿವಮೊಗ್ಗದಲ್ಲೇ ಇದೆ. ತಳಿ ಹೇಳಿದಷ್ಟು ಫಲ ಕೊಡದಿದ್ದರೆ ಅದೇ 39ನೇ ಸೆಕ್ಷನ್ನಿನಲ್ಲಿ ಪರಿಹಾರ ಕೇಳುವ ದಾರಿಯಿದೆ. ಹಕ್ಕಿನ ಉಲ್ಲಂಘನೆ ಗೊತ್ತಿಲ್ಲದೆ ಆದದ್ದಾದರೆ ರೈತನನ್ನು ಕಾಯಲು 42ನೇ ಸೆಕ್ಷನ್ ಇದೆ. ಶುಲ್ಕದಿಂದ ವಿನಾಯಿತಿ ಕೊಡಲು 44 ಇದೆ. ಇವನ್ನು ಬಲ್ಲವರು ನೀವು.

ಇನ್ನೊಂದು ಪ್ರಕರಣ ನಮ್ಮ ರಾಜ್ಯದ್ದೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಮಹಿಕೋ ಕಂಪನಿ ಬಿಟಿ ಬದನೆ ಮಾಡುವಾಗ ಕರ್ನಾಟಕದ ನಾಟಿ ಬದನೆ ತಳಿಗಳನ್ನು ಬಳಸಿದವು. ಜೀವವೈವಿಧ್ಯ ಕಾಯ್ದೆಯ ಅನುಮತಿ ಪಡೆಯಲಿಲ್ಲ, ಸ್ಥಳೀಯರನ್ನು ಕೇಳಲಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. ಮರುವರ್ಷ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು, 2012ರಲ್ಲಿ ಮೊಕದ್ದಮೆ ಧಾರವಾಡದ ನ್ಯಾಯಾಲಯಕ್ಕೆ ಬಂತು. ಜೈವಿಕ ಸಂಪತ್ತಿನ ಅಪಹರಣಕ್ಕೆ ಈ ದೇಶದಲ್ಲಿ ಹೂಡಿದ ಮೊದಮೊದಲ ಮೊಕದ್ದಮೆ ಅದು. 2023ರ ತಿದ್ದುಪಡಿ ಆ ಕಾಯ್ದೆಯ ಜೈಲು ಶಿಕ್ಷೆಯನ್ನೇ ತೆಗೆದು ದಂಡಕ್ಕೆ ಇಳಿಸಿತು. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ತಳಿ, ತಿಳಿವಳಿಕೆಗಳ ದಾಖಲೆ ಬರೆಯಬೇಕು ಎಂದು ಅದೇ ಕಾಯ್ದೆಯ 41ನೇ ಸೆಕ್ಷನ್ ಹೇಳುತ್ತದೆ. ಆ ದಾಖಲೆಯಲ್ಲಿ ಏನು ಬರೆದರೆ ಊರಿಗೆ ರಕ್ಷಣೆ, ಏನು ಬರೆದರೆ ಹೊರಗಿನವರಿಗೆ ದಾರಿ ತೋರಿಸಿದಂತೆ ಎಂಬ ಎಚ್ಚರ ಬಹಳ ಮುಖ್ಯ. ಅರಿಶಿನದ ಗಾಯ ಮಾಯಿಸುವ ಗುಣಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಾಗ, ಭಾರತದ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದುಮಾಡಿಸಿತು. ಅಜ್ಜಿಯ ಬಾಯಲ್ಲಿ ಮಾತ್ರ ಇದ್ದಿದ್ದರೆ ಅದನ್ನು ಆ ಕಚೇರಿಯ ಮುಂದೆ ಸಾಬೀತು ಮಾಡುವುದು ಎಷ್ಟು ಕಷ್ಟವಾಗುತ್ತಿತ್ತು! ಬರೆದಿಟ್ಟರೂ ಆತಂಕ, ಬರೆಯದಿದ್ದರೂ ಆತಂಕ. ಪಂಚಾಯಿತಿಯ ಸದಸ್ಯರೊಬ್ಬರು ಈ ಇಕ್ಕಟ್ಟನ್ನು ಒಬ್ಬರೇ ಬಿಡಿಸಲಾರರು.

ಈ ಪತ್ರ ನಿಮ್ಮಿಂದ ಕೇಳುವುದು ದೊಡ್ಡ ತ್ಯಾಗವನ್ನಲ್ಲ. ಆಲೂಗಡ್ಡೆ ಪ್ರಕರಣದ ಮೂರು ಆದೇಶಗಳ ಸಾರವನ್ನು, ಅವುಗಳ ಬಗ್ಗೆ ನಿಮ್ಮೊಳಗಿನ ಭಿನ್ನಾಭಿಪ್ರಾಯ ಸಮೇತ, ಕನ್ನಡದಲ್ಲಿ ಬರೆಯಿರಿ. ಸರಳ ಮಾಡುತ್ತೇವೆಂದು ಜಗಳವನ್ನು ಮುಚ್ಚಿಡಬೇಡಿ. ಗದ್ದೆಯ ಬದುವಿನ ವ್ಯಾಜ್ಯವನ್ನು ಮೂರು ತಲೆಮಾರು ನಡೆಸಿದವರಿಗೆ ಕಾನೂನಿನ ಎರಡು ಪಕ್ಷ ಅರ್ಥವಾಗದೆ ಹೋಗದು. ವಿದ್ಯಾರ್ಥಿಗಳ ಪ್ರಬಂಧಕ್ಕೆ ವಿಷಯ ಹುಡುಕುವಾಗ ಒಬ್ಬಿಬ್ಬರನ್ನು ಅಜ್ಜಂಪುರ, ಶಿವನಿ, ಬುಕ್ಕಾಂಬುಧಿಯ ಕಡೆ ಕಳಿಸಿ. ಮುಂಗಾರಿನ ಮುಂಚೆ ಬಂದರೆ ಒಳ್ಳೆಯದು, ಬೀಜ ಕೈ ಬದಲಾಗುವುದು ಆಗಲೇ. ಬೀಜವನ್ನು ಯಾರು ಯಾರಿಗೆ, ಯಾವ ಮಾತಿನ ಮೇಲೆ, ಯಾವ ಅಳತೆಯಲ್ಲಿ ಕೊಡುತ್ತಾರೆ ಎಂದು ಬರೆದುಕೊಳ್ಳಲಿ. 'ಕಾಯ್ದೆ ಬರುವ ಮೊದಲು ಹೇಗೆ ಮಾಡುತ್ತಿದ್ದನೋ ಹಾಗೆ' ಎಂದು ಶಾಸನವೇ ಹೇಳಿರುವಾಗ, ಮೊದಲು ಹೇಗೆ ಮಾಡುತ್ತಿದ್ದರು ಎಂಬುದು ನಾಳೆ ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತದೆ. ಅದನ್ನು ಕಂಡವರ ವಯಸ್ಸು ಈಗ ಎಪ್ಪತ್ತು, ಎಂಬತ್ತು. ಸಾಕ್ಷಿ ಹೇಳುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಹೊತ್ತು ಕೂಡ ಕಡಿಮೆ. 1966ರ ಬೀಜ ಕಾಯ್ದೆಯ ಜಾಗದಲ್ಲಿ ಹೊಸದನ್ನು ತರಲು ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಮಸೂದೆಯ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು. ಅಭಿಪ್ರಾಯ ಹೇಳಬೇಕಾದವರಿಗೆ ಹಳೆಯ ಕಾಯ್ದೆಗಳೇ ಅವರ ಭಾಷೆಯಲ್ಲಿ ತಲುಪಿಲ್ಲದಿದ್ದರೆ, ಹೊಸದರ ಬಗ್ಗೆ ಅವರು ಏನೆಂದು ಬರೆಯಬೇಕು?

ಮೊದಲು ಆ ಚೀಲದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹಳೆಯ ಚೀಲದಲ್ಲಿ ಮನೆಯ ಬೀಜ ತುಂಬಿ ಎರಡು ಸೇರು ಮಾರಿದವನು 39ನೇ ಸೆಕ್ಷನ್ನಿನ ಒಳಗಿದ್ದಾನೋ ಹೊರಗಿದ್ದಾನೋ? ಚೀಲವನ್ನು ಒಳಮೈ ಹೊರಗೆ ಮಾಡಿ ಹೊಲಿದರೆ ಸಾಕೇ? ಹೆಸರಿನ ಮೇಲೆ ಸುಣ್ಣ ಬಳಿದರೆ? ಇದ್ದಿಲಿನ ಬರಹಕ್ಕೆ ಏನು ಹೇಳುತ್ತೀರಿ? ನಿಮ್ಮಲ್ಲಿ ಇಬ್ಬರು ಎರಡು ಬಗೆಯಲ್ಲಿ ಉತ್ತರಿಸಿದರೆ ಎರಡನ್ನೂ ಕಳಿಸಿಕೊಡಿ. ಮುಂದಿನ ಬಿತ್ತನೆಗೆ ಮುಂಚೆ ಇಲ್ಲಿ ಕೂತು ಓದುವವರಿದ್ದಾರೆ.

ಬುಕ್ಕಾಂಬುಧಿ,
ಅಜ್ಜಂಪುರ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ